ಜಾಲತಾಣಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ವಿಡಿಯೊ ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಿ

ಕೇಳಿದವರು, ತೀರ್ಥಹಳ್ಳಿ: ನಮ್ಮ ಅಡಿಕೆ ಬೆಳೆಗಾರರ ಸಹಕಾರ ಸಂಘದ ಜಾಲತಾಣದಲ್ಲಿ ಖಾತೆ ನೋಡುವುದು, ಸಾಲದ ಅರ್ಜಿ ತುಂಬುವುದು, ರಸೀದಿ ಪಡೆಯುವುದು ಹೇಗೆಂದು ಸದಸ್ಯರಿಗೆ ತೋರಿಸುವ ಎಂಟು ಚಿಕ್ಕ ವಿಡಿಯೊಗಳನ್ನು ಮಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ನನ್ನಲ್ಲಿರುವುದು 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್. ಯಾವ ತಂತ್ರಾಂಶ ಬಳಸಲಿ?

ನಿವೃತ್ತ ಉಪನ್ಯಾಸಕ, ಮೈಸೂರು: ತಂತ್ರಾಂಶ ಯಾವುದೆಂದು ಕೇಳುವ ಮೊದಲು, ಹತ್ತು ವರ್ಷ ಕಳೆದ ಮೇಲೂ ಈ ವಿಡಿಯೊ ತೆರೆದುಕೊಳ್ಳುತ್ತದೆಯೇ ಎಂದು ಯೋಚಿಸಿ. 2009ರಿಂದ 2012ರವರೆಗೆ ನಾನು ಸರ್ಕ್ಯೂಟ್ ಸಿಮ್ಯುಲೇಶನ್ ಕುರಿತು 46 ಪಾಠಗಳನ್ನು ರೆಕಾರ್ಡ್ ಮಾಡಿ, ಆಗಿನ ರೂಢಿಯಂತೆ ಫ್ಲ್ಯಾಶ್ ರೂಪದಲ್ಲಿ (ಬ್ರೌಸರಿಗೆ ಫ್ಲ್ಯಾಶ್ ಪ್ಲೇಯರ್ ಸೇರಿಸಿಕೊಂಡರೆ ಮಾತ್ರ ಓಡುವ ರೂಪ) ಕಾಲೇಜಿನ ತಾಣಕ್ಕೆ ಏರಿಸಿದ್ದೆ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿನ ಬೆಂಬಲ ನಿಂತಿತು, 2021ರ ಜನವರಿ 12ರಿಂದ ಆ ಪ್ಲೇಯರಿನಲ್ಲಿ ಏನೂ ಓಡದಂತಾಯಿತು. ಮೂಲ ರೆಕಾರ್ಡಿಂಗುಗಳನ್ನು ಜಾಗ ಉಳಿಸಲೆಂದು ನಾನೇ ಅಳಿಸಿದ್ದೆ. ಉಳಿದಿದ್ದ ಪ್ರಾಜೆಕ್ಟ್ ಫೈಲುಗಳು ಆ ಹಳೆಯ ತಂತ್ರಾಂಶವಿಲ್ಲದೆ ತೆರೆಯುತ್ತಿರಲಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಕುಳಿತು ಹನ್ನೊಂದು ಪಾಠಗಳನ್ನು ಮತ್ತೆ ಹೇಳಿ ರೆಕಾರ್ಡ್ ಮಾಡಿದೆ. ಉಳಿದ ಮೂವತ್ತೈದು ಹೋದವು. ಆದ್ದರಿಂದ ಎಚ್.264 (ವಿಡಿಯೊವನ್ನು ಕುಗ್ಗಿಸುವ, ಎಲ್ಲೆಡೆ ಬಳಕೆಯಲ್ಲಿರುವ ವಿಧಾನ) ಇರುವ ಎಂಪಿ4 ಫೈಲನ್ನೇ ತಾಣದಲ್ಲಿಡಿ, ಮೂಲವನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟುಕೊಳ್ಳಿ.

ಅಕೌಂಟಿಂಗ್ ತರಬೇತುದಾರ, ಶಿವಮೊಗ್ಗ: ಮೇಷ್ಟ್ರು ಎಂಪಿ4 ಎಂದಿದ್ದಾರೆ, ಆದರೆ ರೆಕಾರ್ಡ್ ಮಾಡುವಾಗಲೇ ನೇರವಾಗಿ ಎಂಪಿ4 ಆರಿಸಿಕೊಂಡು ನಾನು ಕೆಟ್ಟೆ. ಪರದೆಯನ್ನು ರೆಕಾರ್ಡ್ ಮಾಡಲು ನಾನು ಬಳಸುವುದು ಒಬಿಎಸ್ ಸ್ಟುಡಿಯೊ. ಅದು ಉಚಿತ, ಮುಕ್ತ ತಂತ್ರಾಂಶ. ಜುಲೈ ತಿಂಗಳ ಮಳೆಯಲ್ಲಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಪಾಠವನ್ನು ಐವತ್ತೆರಡು ನಿಮಿಷ ಹೇಳಿ ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಸಾಮಾನ್ಯ ಎಂಪಿ4ನಲ್ಲಿ ಫೈಲಿನ ಸೂಚಿಯನ್ನು (ಯಾವ ಭಾಗ ಎಲ್ಲಿದೆ ಎಂದು ಪ್ಲೇಯರಿಗೆ ತಿಳಿಸುವ ಪಟ್ಟಿ) ರೆಕಾರ್ಡಿಂಗ್ ನಿಲ್ಲಿಸುವಾಗ ಬರೆಯಲಾಗುತ್ತದೆ. ಆ ಸೂಚಿ ಇಲ್ಲದ 1.9 ಜಿಬಿ ಫೈಲು ಡಿಸ್ಕಿನಲ್ಲಿ ಹಾಗೆಯೇ ಇತ್ತು, ಆದರೆ ಯಾವ ಪ್ಲೇಯರೂ ಅದನ್ನು ತೆರೆಯಲಿಲ್ಲ. ಅಂದಿನಿಂದ, ನಡುವೆ ನಿಂತರೂ ಅಲ್ಲಿಯವರೆಗಿನ ಭಾಗ ತೆರೆಯುವ ಎಂಕೆವಿ ರೂಪದಲ್ಲಿ ರೆಕಾರ್ಡ್ ಮಾಡಿ, ಮುಗಿದ ಮೇಲೆ ಅದೇ ತಂತ್ರಾಂಶದ ರೀಮಕ್ಸ್ (ಫೈಲಿನ ರೂಪ ಬದಲಿಸುವ) ಆಯ್ಕೆಯಿಂದ ಎಂಪಿ4 ಮಾಡಿಕೊಳ್ಳುತ್ತೇನೆ. ಯುಪಿಎಸ್‌ಗೆ 4,200, ಯುಎಸ್‌ಬಿ ಮೈಕಿಗೆ 3,600, ಕೋಣೆಯ ಪ್ರತಿಧ್ವನಿ ತಡೆಯಲು ದಪ್ಪ ಪರದೆಗಳಿಗೆ 2,350 ರೂಪಾಯಿ ಖರ್ಚಾಯಿತು. ತಂತ್ರಾಂಶಕ್ಕೆ ಒಂದು ಪೈಸೆಯೂ ಆಗಲಿಲ್ಲ.

ವೆಬ್ ವಿನ್ಯಾಸಕಿ, ದಾವಣಗೆರೆ: ತಂತ್ರಾಂಶ ಉಚಿತವೆಂದು ಹೇಳುವವರು ತಮ್ಮ ರಾತ್ರಿಗಳಿಗೆ ಬೆಲೆ ಕಟ್ಟುವುದಿಲ್ಲ. ನಾನು ಹಣ ಕೊಟ್ಟು ಕೊಂಡ ತಂತ್ರಾಂಶದಲ್ಲಿ ಗುಂಡಿ ಒತ್ತಿದ ಜಾಗ ತಾನಾಗಿ ಹಿಗ್ಗುತ್ತದೆ, ಮೌಸಿನ ಸುತ್ತ ಹಳದಿ ವೃತ್ತ ಬರುತ್ತದೆ, ತಪ್ಪಿದ ಮಾತನ್ನು ಅಲ್ಲೇ ಕತ್ತರಿಸಬಹುದು. ಒಬಿಎಸ್‌ನಲ್ಲಿ ಕತ್ತರಿಸುವ ಸೌಲಭ್ಯವೇ ಇಲ್ಲ, ಅದಕ್ಕೆ ಇನ್ನೊಂದು ತಂತ್ರಾಂಶ ಕಲಿಯಬೇಕು. ನನ್ನ ಗ್ರಾಹಕರ ತಾಣಗಳನ್ನು ಮೊಬೈಲಿನಲ್ಲಿ ನೋಡುವವರೇ ಹೆಚ್ಚು. ಹಿಗ್ಗಿಸದಿದ್ದರೆ ಆ ಚಿಕ್ಕ ಪರದೆಯಲ್ಲಿ ಅರ್ಜಿಯ ಅಕ್ಷರಗಳು ಸಾಸಿವೆಯಷ್ಟಾಗುತ್ತವೆ.

ಅಕೌಂಟಿಂಗ್ ತರಬೇತುದಾರ, ಶಿವಮೊಗ್ಗ: ಮೇಡಂ, ನನ್ನ ರಾತ್ರಿಗಳ ಬೆಲೆಯನ್ನು ನೀವು ಹೇಳಬೇಕಾಗಿಲ್ಲ. ಹಾಗೆ ಒಮ್ಮೆ ಹಣ ಕೊಟ್ಟು ಕೊಂಡಿದ್ದ ತಂತ್ರಾಂಶವೊಂದು ಮುಂದೆ ವಾರ್ಷಿಕ ಚಂದಾಕ್ಕೆ ತಿರುಗಿದಾಗ, ನನ್ನ ಹಳೆಯ ಪ್ರತಿ ಹೊಸ ಕಂಪ್ಯೂಟರಿನಲ್ಲಿ ಚಾಲನೆಯಾಗಲಿಲ್ಲ. ಅಕ್ಷರ ದೊಡ್ಡದಾಗಿ ಕಾಣಬೇಕೆಂದರೆ ರೆಕಾರ್ಡ್ ಮಾಡುವ ಮೊದಲು ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ 150 ಪ್ರತಿಶತಕ್ಕೆ ಏರಿಸಿದರೆ ಸಾಕು.

ವೆಬ್ ವಿನ್ಯಾಸಕಿ, ದಾವಣಗೆರೆ: ಹಾಗೆ ಏರಿಸಿದಾಗ ಪುಟದ ವಿನ್ಯಾಸವೇ ಬದಲಾಗಿ, ಬಲಗಡೆಯಿದ್ದ ಮೆನು ಮೂರು ಗೆರೆಗಳ ಗುರುತಾಗಿ ಮಡಚಿಕೊಳ್ಳಬಹುದು. ಸದಸ್ಯರಿಗೆ ಕಾಣುವ ಪುಟ ಒಂದು, ವಿಡಿಯೊದಲ್ಲಿರುವ ಪುಟ ಇನ್ನೊಂದು ಎಂದಾದರೆ ಅವರಿಗೆ ಅದು ಪಾಠವಾಗುವುದಿಲ್ಲ, ಗೊಂದಲವಾಗುತ್ತದೆ.

ಅನುವಾದಕ, ಧಾರವಾಡ: ನೀವಿಬ್ಬರೂ ಧ್ವನಿಯ ವಿಷಯವನ್ನೇ ಬಿಟ್ಟಿದ್ದೀರಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳನ್ನು ಗಮನಿಸಿ: ಮೊದಲು ಪಠ್ಯವನ್ನು ಎರಡು ಕಾಲಮುಗಳಲ್ಲಿ ಬರೆಯುತ್ತಾರೆ, ಒಂದರಲ್ಲಿ ಪರದೆಯ ಮೇಲೆ ಆಗುವುದು, ಇನ್ನೊಂದರಲ್ಲಿ ಹೇಳುವ ಮಾತು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಧ್ವನಿ ಬದಲಾಗುತ್ತದೆ, ಪರದೆ ಬದಲಾಗುವುದಿಲ್ಲ. ನಾನು ಬರೆಯದೆ ಮಾತನಾಡಿದ ಮೊದಲ ವಿಡಿಯೊದಲ್ಲಿ ನಾಲ್ಕು ನಿಮಿಷಕ್ಕೆ ಇಪ್ಪತ್ತೇಳು ಬಾರಿ ‘ಅಂದ್ರೆ’ ಎಂದಿದ್ದೆ. ಇನ್ನೊಂದು ಮಾತು, ‘ಸಬ್ಮಿಟ್’ ಎನ್ನದೆ ‘ಸಲ್ಲಿಸಿ’ ಎಂದೇ ಹೇಳಿ.

ನಿವೃತ್ತ ಉಪನ್ಯಾಸಕ, ಮೈಸೂರು: ಇದನ್ನು ನಾನು ಒಪ್ಪುವುದಿಲ್ಲ. ಗುಂಡಿಯ ಮೇಲೆ ಇಂಗ್ಲಿಷಿನಲ್ಲಿ ಸಬ್ಮಿಟ್ ಎಂದು ಬರೆದಿರುವಾಗ ರೈತರು ‘ಸಲ್ಲಿಸಿ’ ಎಂಬ ಪದವನ್ನು ಎಲ್ಲಿ ಹುಡುಕಬೇಕು? ಕನ್ನಡದ ಮೇಲೆ ಅಭಿಮಾನವಿದ್ದರೆ ಮೊದಲು ಗುಂಡಿಯ ಮೇಲಿನ ಪದವನ್ನು ಬದಲಿಸಿ, ನಂತರ ವಿಡಿಯೊ ಮಾಡಲಿ.

ಅನುವಾದಕ, ಧಾರವಾಡ: ಗುಂಡಿ ಬದಲಾಗುವವರೆಗೆ ಕಾಯುತ್ತಾ ಕುಳಿತದ್ದರಿಂದಲೇ ಎಲ್ಲ ಅರ್ಜಿಗಳೂ ಇಂದಿಗೂ ಇಂಗ್ಲಿಷಿನಲ್ಲಿವೆ, ಸರ್.

ಕೇಳಿದವರು, ತೀರ್ಥಹಳ್ಳಿ: ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಒಬಿಎಸ್ ಹಾಕಿಕೊಂಡು ಎರಡು ನಿಮಿಷ ರೆಕಾರ್ಡ್ ಮಾಡಿದೆ. ಮೌಸ್ ಎಳೆದಲ್ಲೆಲ್ಲ ಚಿತ್ರ ತಡೆದು ತಡೆದು ಸಾಗುತ್ತದೆ, ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು ಕೇಳುತ್ತದೆ. 4 ಜಿಬಿಯಲ್ಲಿ ಇದು ಸಾಧ್ಯವೇ ಎಂಬುದನ್ನು ಯಾರೂ ಹೇಳಲಿಲ್ಲ.

ಅಕೌಂಟಿಂಗ್ ತರಬೇತುದಾರ, ಶಿವಮೊಗ್ಗ: ಸಾಧ್ಯ. 1280×720ಕ್ಕೆ ಇಳಿಸಿ, ಸೆಕೆಂಡಿಗೆ 15 ಫ್ರೇಮ್ ಇಡಿ, ಅರ್ಜಿಯ ಪುಟವೊಂದನ್ನು ಬಿಟ್ಟು ಉಳಿದ ಟ್ಯಾಬುಗಳನ್ನು ಮುಚ್ಚಿ. ಬಿಟ್‌ರೇಟನ್ನೂ (ಒಂದು ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣ) ಇಳಿಸಬೇಕು: 6,000 ಕಿಲೋಬಿಟ್‌ನಲ್ಲಿ ಆರು ನಿಮಿಷಕ್ಕೆ ಸುಮಾರು 270 ಎಂಬಿ ಆಗುವ ಫೈಲು 800ರಲ್ಲಿ 36 ಎಂಬಿಗೆ ಇಳಿಯುತ್ತದೆ, ನಿಶ್ಚಲ ಅರ್ಜಿಯ ಪುಟಕ್ಕೆ ಅಷ್ಟು ಸಾಕು. ಫ್ಯಾನ್ ಆರಿಸಿ. ಆರಿಸಲಾಗದಿದ್ದರೆ ಮೊದಲ ಐದು ಸೆಕೆಂಡು ಸುಮ್ಮನಿದ್ದು, ಆ ಸದ್ದನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದ ನಾಯ್ಸ್ ರಿಡಕ್ಷನ್‌ಗೆ (ಸದ್ದು ತಗ್ಗಿಸುವ ಆಯ್ಕೆ) ಮಾದರಿಯಾಗಿ ಕೊಡಿ. ಕತ್ತರಿಸುವ ಕೆಲಸಕ್ಕೆ ಮಾತ್ರ ಮೇಡಂ ಹೇಳಿದಂತೆ ಇನ್ನೊಂದು ತಂತ್ರಾಂಶ ಬೇಕು, ಆ ಮಾತನ್ನು ಒಪ್ಪುತ್ತೇನೆ.

ವೆಬ್ ವಿನ್ಯಾಸಕಿ, ದಾವಣಗೆರೆ: ತಾಣಕ್ಕೆ ಏರಿಸುವ ಮೊದಲು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತಿಸುವ ತಂತ್ರಾಂಶದಲ್ಲಿ ಫಾಸ್ಟ್‌ಸ್ಟಾರ್ಟ್ ಆಯ್ಕೆ ಬಳಸಿ ಸೂಚಿಯನ್ನು ಫೈಲಿನ ಮೊದಲಿಗೆ ತನ್ನಿ, ಆಗ ಇಡೀ ಫೈಲು ಇಳಿಯುವ ಮೊದಲೇ ವಿಡಿಯೊ ಓಡಲು ಶುರುವಾಗುತ್ತದೆ. ಮೆನು ಮಡಚಿಕೊಳ್ಳುವ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂಬುದನ್ನು ಶಿವಮೊಗ್ಗದವರಿಗೆ ನೆನಪಿಸುತ್ತೇನೆ.