ಸಹಾಯ ಬೇಕು: ಝಡ್ ಶೆಲ್‌ನ ಹೆಲ್ಪ್ ಫೈಲ್‌ಗಳು ತಯಾರಿವೆ, ಆದರೆ ತೆರೆಯುತ್ತಿಲ್ಲ

ನಮಸ್ಕಾರ್ರೀ ಎಲ್ಲರಿಗೂ. ಧಾರವಾಡದಲ್ಲಿ ಹುಡುಗರಿಗೆ ಲಿನಕ್ಸ್ ಹೇಳಿಕೊಡುತ್ತೇನೆ, ಲ್ಯಾಬಿನಲ್ಲಿ ನೆಟ್ ಇರುವುದೇ ಅಪರೂಪ. ಅದಕ್ಕೇ ಝಡ್ ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) 5.9ರ ಸೋರ್ಸ್ ತಂದು, ಯುಟಿಲ್ ಫೋಲ್ಡರಿನಲ್ಲಿರುವ ಹೆಲ್ಪ್‌ಫೈಲ್ಸ್ ಎಂಬ ಪರ್ಲ್ ಸ್ಕ್ರಿಪ್ಟ್ ಓಡಿಸಿದೆ. ಅದು ಮ್ಯಾನುಯಲ್ ಒಡೆದು ಒಂದೊಂದು ಬಿಲ್ಟ್‌ಇನ್ (ಶೆಲ್‌ನೊಳಗೇ ಇರುವ) ಕಮಾಂಡಿಗೂ ಬೇರೆ ಫೈಲ್ ಮಾಡಿಕೊಟ್ಟಿತು, ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಹೆಲ್ಪ್ ಫೈಲ್‌ಗಳು ಎಲ್ಲಿವೆ ಅಂತ ಹೇಳುವ ಹೆಲ್ಪ್‌ಡಿರ್ ವೇರಿಯಬಲ್‌ಗೂ ಆ ಫೋಲ್ಡರನ್ನೇ ಕೊಟ್ಟಿದ್ದೇನೆ. ಆದರೂ ಬೈಂಡ್‌ಕೀ ಎಂಬ ಬಿಲ್ಟ್‌ಇನ್ ಕಮಾಂಡ್ ಟೈಪ್ ಮಾಡಿ ಎಸ್ಕೇಪ್, ಆಮೇಲೆ ಎಚ್ ಒತ್ತಿದರೆ ಸೀದಾ ಮ್ಯಾನ್‌ಗೇ (ಮ್ಯಾನುಯಲ್ ಪುಟ ತೋರಿಸುವ ಕಮಾಂಡ್) ಹೋಗಿ, ಅಂಥ ಪುಟವೇ ಇಲ್ಲ ಅನ್ನುತ್ತದೆ!

ವಿಚಾರಿಸಿದರೆ ಆ ಕೀಲಿಗಳು ಓಡಿಸುವ ರನ್-ಹೆಲ್ಪ್ ಅನ್ನೋದು ಮ್ಯಾನ್‌ನ ಅಲಿಯಾಸ್ (ಇನ್ನೊಂದು ಹೆಸರು) ಅಂತ ತೋರಿಸುತ್ತದೆ. ಝಡ್‌ಎಸ್‌ಎಚ್‌ಆರ್‌ಸಿಯಲ್ಲಿ (ಶೆಲ್ ಶುರುವಾದಾಗ ಓದುವ ಫೈಲ್) ಆ ಅಲಿಯಾಸನ್ನು ಅನ್‌ಅಲಿಯಾಸ್ ಮಾಡಿ ತೆಗೆದು, ನಿಜವಾದ ರನ್-ಹೆಲ್ಪ್ ಫಂಕ್ಷನ್ ತರುವ ಆಟೊಲೋಡ್ ಸಾಲು ಹಾಕಿದರೆ ಸಾಕಾ? ಹಾಗೆ ಮಾಡಿದರೆ ಗ್ರೆಪ್‌ನಂಥ ಹೊರಗಿನ ಕಮಾಂಡಿಗೆ ಮೊದಲಿನಂತೆ ಮ್ಯಾನ್ ಪುಟ ಬರುತ್ತದಾ, ಇಲ್ವಾ?