ಅಪ್‌ಡೇಟ್: ದೇವನಹಳ್ಳಿ ಸುತ್ತಿ ಬಂದೆವು

ಅಪ್ಪ ಅಮ್ಮನ ಜೊತೆ ದೇವನಹಳ್ಳಿ ಕಡೆ ಒಂದು ದಿನದಲ್ಲಿ ಏನೇನು ನೋಡಬಹುದು ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಭಾನುವಾರ ಹೋಗಿ ಬಂದೆವು.

ಮೊದಲು ಕೋಟೆ. 1501ರಲ್ಲಿ ಮಣ್ಣಿನಲ್ಲಿ ಕಟ್ಟಿದ್ದಂತೆ, ಆಮೇಲೆ ಹೈದರಾಲಿ ಕಾಲದಲ್ಲಿ ಕಲ್ಲಿನದಾಯ್ತು. ಒಳಗೆ ಈಗಲೂ ಜನ ವಾಸ ಇದ್ದಾರೆ, ವೇಣುಗೋಪಾಲಸ್ವಾಮಿ ಗುಡಿಯೂ ಇದೆ. ಟಿಪ್ಪು ಹುಟ್ಟಿದ ಜಾಗ ಅಂತ ದೊಡ್ಡದೇನೋ ನಿರೀಕ್ಷೆ ಮಾಡಬೇಡಿ. ಕಂಬಗಳಿರೋ ಚಿಕ್ಕ ಮಂಟಪ, ಒಂದು ಕಲ್ಲು, ಅಷ್ಟೇ. ಐದು ನಿಮಿಷ ಸಾಕು.

ನಂದಿಬೆಟ್ಟ ಬಿಟ್ಟೆವು. ಅಮ್ಮನಿಗೆ ಮಂಡಿನೋವು, ಮೇಲೆ ಭಾನುವಾರದ ಗಲಾಟೆ ಬೇರೆ. ಬದಲಿಗೆ, ನೀವು ಹೇಳಿದ ಹಾಗೆ, ಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋದೆವು. ನಿಜಕ್ಕೂ ಥ್ಯಾಂಕ್ಸ್! ಎರಡು ಗುಡಿಗಳ ನಡುವಿನ ಕಲ್ಯಾಣಮಂಟಪದ ಕಪ್ಪುಕಲ್ಲಿನ ಕಂಬಗಳ ಹತ್ತಿರ ಅಪ್ಪ ಅರ್ಧ ಗಂಟೆ ನಿಂತುಬಿಟ್ಟರು. ಅಮ್ಮ ಕಲ್ಯಾಣಿ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದರು. ಕಲ್ಲು ತಣ್ಣಗಿತ್ತು, ಎದ್ದೇಳೋಕೆ ಮನಸ್ಸೇ ಇರಲಿಲ್ಲ.

ವಾಪಸ್ ಬರುವಾಗ ರಸ್ತೆ ಬದಿ ದೇವನಹಳ್ಳಿ ಚಕ್ಕೋತ ಸಿಕ್ಕಿತು. ಸಿಪ್ಪೆ ಬೆರಳು ದಪ್ಪ, ಒಳಗೆ ಗುಲಾಬಿ ತೊಳೆ. ಉಪ್ಪು, ಖಾರದಪುಡಿ ಹಾಕಿ ತಿಂದು ನೋಡಿ. ಕಾರು ಇವತ್ತಿಗೂ ಅದೇ ವಾಸನೆ.