ಹಳೇ ಮಾರುತಿ 800: ಬಾನೆಟ್ ಸರಿಯಾಗಿ ಕೂರುತ್ತಿಲ್ಲ, ಏನು ಮಾಡೋದು?

ಕೇಳಿದವರು, ಮೈಸೂರು

ಮನೆಯಲ್ಲಿ 1999ರ ಮಾರುತಿ 800 ಇದೆ. ಅಪ್ಪ ತೆಗೆದುಕೊಂಡ ಕಾರು, ಮಾರೋ ಮನಸ್ಸಿಲ್ಲ. ಹೋದ ವರ್ಷ ಮುಂದೆ ಗುದ್ದಿದಾಗ ಟಿಂಕರಿಂಗ್ ಮಾಡಿಸಿದೆವು. ಆಮೇಲಿಂದ ಬಾನೆಟ್ ಎಡಗಡೆ ಫೆಂಡರ್‌ಗೆ (ಮುಂದಿನ ಚಕ್ರದ ಮೇಲಿನ ತಗಡು) ಉಜ್ಜುತ್ತದೆ, ಬಲಗಡೆ ಬೆರಳು ತೂರುವಷ್ಟು ಸಂದು. ಮುಚ್ಚಬೇಕಾದರೆ ಜೋರಾಗಿ ಬಡಿಯಬೇಕು. ಸ್ಪೀಡ್ 60 ದಾಟಿದರೆ ಗಡಗಡ ಸದ್ದು. ಮುಂದಿನ ಅಂಚಿನಲ್ಲಿ ತುಕ್ಕೂ ಶುರುವಾಗಿದೆ. ಒಬ್ಬರು ಹೊಸ ಬಾನೆಟ್ ಹಾಕಿಸಿ ಅಂತಾರೆ, ಇನ್ನೊಬ್ಬರು ಇದನ್ನೇ ಬಗ್ಗಿಸಿ ಕೂರಿಸ್ತೀನಿ ಅಂತಾರೆ. ಮಾಡಿಸಿ ಗೊತ್ತಿರುವವರು ಹೇಳಿ.

ಹುಬ್ಬಳ್ಳಿ

ಸರ್, ಬಗ್ಗಿಸೋಕೆ ಮಾತ್ರ ಬಿಡಬೇಡಿ. ಬಾನೆಟ್ ಕೆಳಗೆ ಮರದ ತುಂಡು ಇಟ್ಟು ಒತ್ತಿ ಕೂರಿಸುವವರು ಇದ್ದಾರೆ. ಒಂದು ಮೂಲೆ ಸರಿ ಹೋಗುತ್ತದೆ, ನಡುವೆ ಮಡಿಕೆ ಬೀಳುತ್ತದೆ. ಅದು ಮತ್ತೆ ನೇರ ಆಗುವುದು ಬಹಳ ಕಷ್ಟ.

ಮೊದಲು ಹಿಂಜ್, ಅಂದರೆ ಬಾನೆಟ್ ತಿರುಗುವ ಕೀಲು ನೋಡಿ. ಬಾನೆಟ್ ಅರ್ಧ ಎತ್ತಿ, ಗ್ಲಾಸ್ ಕಡೆಯ ಮೂಲೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹಿಂಜಿನ ಪಿನ್ ಹತ್ತಿರ ಆಟ ಕಂಡರೆ ಪಿನ್ ಸವೆದಿದೆ ಅಂತ ಅರ್ಥ. ಸವೆದ ಹಿಂಜ್ ಇಟ್ಟುಕೊಂಡು ಎಷ್ಟೇ ಅಡ್ಜಸ್ಟ್ ಮಾಡಿದರೂ ಅದು ಉಳಿಯುವುದಿಲ್ಲ. ಹಿಂಜ್ ಗಟ್ಟಿ ಇದ್ದರೆ ಮುಂದಿನ ಕೆಲಸ ಮನೆಯಲ್ಲೇ ಆಗುತ್ತದೆ. 10 ಮತ್ತು 12 ನಂಬರ್ ಸ್ಪ್ಯಾನರ್ ಸಾಕು, ಜೊತೆಗೊಬ್ಬರು ಬೇಕೇ ಬೇಕು.

ಹಿಂಜ್ ಈಗ ಎಲ್ಲಿ ಕೂತಿದೆಯೋ ಅದರ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಳ್ಳಿ. ಏನೂ ಸರಿ ಹೋಗದಿದ್ದರೆ ಮೊದಲಿನ ಜಾಗಕ್ಕೆ ವಾಪಸ್ ತರಬಹುದು. ಬಾನೆಟ್ ಮೂಲೆಗಳಿಗೆ, ಫೆಂಡರ್ ಅಂಚಿಗೆ ಪೇಂಟರ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಬಣ್ಣ ಹೋಗುತ್ತದೆ. ಆಮೇಲೆ ಮುಂದಿನ ಲಾಕನ್ನು ಪೂರ್ತಿ ಬಿಚ್ಚಿಡಿ. ಇದನ್ನು ಬಹಳ ಜನ ಮಾಡುವುದಿಲ್ಲ. ಲಾಕ್ ಇದ್ದರೆ ಅದೇ ಬಾನೆಟನ್ನು ಒಂದು ಕಡೆಗೆ ಎಳೆದುಕೊಳ್ಳುತ್ತದೆ. ನೀವು ನೋಡುವ ಸಂದು ಹಿಂಜಿನದೋ ಲಾಕಿನದೋ ಗೊತ್ತಾಗುವುದೇ ಇಲ್ಲ.

ಹಿಂಜ್ ಬೋಲ್ಟ್‌ಗಳನ್ನು ಬಾನೆಟ್ ಸರಿಯುವಷ್ಟು ಮಾತ್ರ ಸಡಿಲ ಮಾಡಿ, ಜೋತು ಬೀಳುವಷ್ಟಲ್ಲ. ಮೆಲ್ಲಗೆ ಮುಚ್ಚಿ, ಕೈಯಲ್ಲಿ ಎಡಬಲ ಸರಿಸಿ. ಎರಡೂ ಕಡೆ ಸಂದು ಸಮ ಇದೆಯಾ ಅಂತ ನೋಡೋಕೆ ದಪ್ಪ ರಟ್ಟಿನ ತುಂಡು ತೂರಿಸಿ ನೋಡಿದರೆ ಸಾಕು. ಸಮ ಬಂದ ಮೇಲೆ ಹುಷಾರಾಗಿ ಎತ್ತಿ ಟೈಟ್ ಮಾಡಿ. ಗ್ಲಾಸ್ ಕಡೆ ಬಾನೆಟ್ ತಗ್ಗಾಗಿದ್ದರೆ ಹಿಂಜ್ ಕೆಳಗೆ ತೆಳು ವಾಷರ್ ಕೊಟ್ಟು ಎತ್ತರಿಸಬಹುದು.

ಮುಂದಿನ ಎತ್ತರ ನೋಡಿಕೊಳ್ಳುವುದು ಮೂಲೆಯ ರಬ್ಬರ್ ಸ್ಟಾಪರ್, ಲಾಕ್ ಅಲ್ಲ. ರಬ್ಬರ್ ಇಷ್ಟು ವರ್ಷದಲ್ಲಿ ಕಲ್ಲಾಗಿರುತ್ತದೆ, ಇಲ್ಲವೇ ಬಿದ್ದೇ ಹೋಗಿರುತ್ತದೆ. ನಿಮ್ಮ ಗಡಗಡ ಸದ್ದಿಗೆ ನನ್ನ ಅನುಮಾನ ಅದರ ಮೇಲೇ. ಹೊಸ ರಬ್ಬರ್ ಹಾಕಿ, ಫೆಂಡರ್ ಮಟ್ಟಕ್ಕೆ ತನ್ನಿ. ಲಾಕ್ ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಬಾನೆಟ್‌ನಲ್ಲಿರುವ ಕೊಂಡಿ ಲಾಕಿನ ನಡುವಿಗೆ ನೇರವಾಗಿ ಇಳಿಯಬೇಕು. ಹತ್ತಿಪ್ಪತ್ತು ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ತಾನೇ ಕೂರಬೇಕು. ಬಡಿಯಬೇಕಾಗಿ ಬಂದರೆ ಲಾಕ್ ಜಾಸ್ತಿ ಕೆಳಗಿದೆ, ಒಂದು ಚೂರು ಮೇಲೆತ್ತಿ.

ಬೆಂಗಳೂರು

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಇದು ಗುದ್ದಿದ ಗಾಡಿ ಅಲ್ವಾ? ಹಾಗಿದ್ದರೆ ಬಾನೆಟ್ ಸರಿಯಾಗೇ ಇದ್ದು, ರೇಡಿಯೇಟರ್ ಹಿಡಿದಿರುವ ಮುಂದಿನ ಪ್ಯಾನೆಲ್ ಒಂದು ಕಡೆಗೆ ಹೋಗಿರಬಹುದು. ಟೇಪ್ ಹಿಡಿದು ಎಂಜಿನ್ ಬೇ ಅನ್ನು ಕರ್ಣದ ಮೇಲೆ ಅಳೆಯಿರಿ: ಎಡ ಹಿಂಜ್ ಬೋಲ್ಟಿನಿಂದ ಬಲ ಮುಂದಿನ ಮೂಲೆ, ಬಲದಿಂದ ಎಡ. ಎರಡು ಅಳತೆಗೂ ಚೆನ್ನಾಗಿ ವ್ಯತ್ಯಾಸ ಬಂದರೆ ಹಿಂಜ್ ಮುಟ್ಟಬೇಡಿ, ಪ್ಯಾನೆಲ್ ಎಳೆಸಿ. 800ರಲ್ಲಿ ಮುಂದಿನ ಫೆಂಡರ್ ಕೂಡ ಬೋಲ್ಟ್ ಮೇಲೇ ಕೂತಿರುತ್ತದೆ. ಬಾಗಿಲ ಕಡೆಯ ಸಂದು ಸರಿ ಇಲ್ಲದಿದ್ದರೆ ಫೆಂಡರನ್ನೇ ಸರಿಸಿ ನೋಡಿ.

ಹೊಸ ಬಾನೆಟ್ ವಿಚಾರ. ಈ ಗಾಡಿ ತಯಾರಿಕೆ 2014ರಲ್ಲೇ ನಿಂತಿತು. ಜೆ.ಸಿ. ರೋಡ್‌ನಲ್ಲಿ ವಿಚಾರಿಸಿದರೆ ಬೇರೆಯವರು ಮಾಡಿದ್ದು ಸಿಗಬಹುದು. ನಾನು ನೋಡಿದ ಅಂಥವುಗಳ ತಗಡು ತೆಳು, ಅಂಚು ಎಲ್ಲೋ ಒಂದು ಕಡೆ ಕೂರುವುದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ತುಕ್ಕಿಲ್ಲದ ಹಳೇ ಒರಿಜಿನಲ್ ಸಿಕ್ಕರೆ ಅದೇ ವಾಸಿ. ತಗೊಳ್ಳುವಾಗ ತಿರುಗಿಸಿ ಒಳಗಡೆ ನೋಡಿ. ಮ್ಯಾಗ್ನೆಟ್ ಹಿಡಿಯಿರಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ.

ಮಂಗಳೂರು

ತುಕ್ಕಿನ ಬಗ್ಗೆ ನಾನು ಹೇಳ್ತೇನೆ. ನಮ್ಮ ಕಡೆ ಸಮುದ್ರದ ಗಾಳಿ, ಮಳೆಗಾಲ ಎರಡೂ ಸೇರಿ ಯಾವ ಬಾನೆಟನ್ನೂ ಬಿಡುವುದಿಲ್ಲ.

ಬಾನೆಟ್ ಅಂದರೆ ಒಂದೇ ತಗಡಲ್ಲ. ಮೇಲಿನ ತಗಡಿನ ಅಂಚನ್ನು ಒಳಗಿನ ಫ್ರೇಮ್ ಮೇಲೆ ಮಡಿಸಿರುತ್ತಾರೆ. ನೀರು ಆ ಮಡಿಕೆಯಲ್ಲಿ ನಿಲ್ಲುತ್ತದೆ, ತುಕ್ಕು ಒಳಗಿಂದ ಹೊರಗೆ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಜಾಸ್ತಿ ತಿಂದಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಇದ್ದರೆ ಉಜ್ಜಿ, ರಸ್ಟ್ ಕನ್ವರ್ಟರ್ (ತುಕ್ಕು ತಡೆಯುವ ದ್ರವ), ಪ್ರೈಮರ್, ಬಣ್ಣ, ಅಷ್ಟೇ. ಒಳಕ್ಕೆ ಹೋದರೆ ಆ ತುಂಡು ಕತ್ತರಿಸಿ ಹೊಸ ತಗಡು ಕೂಡಿಸಬೇಕು. ಗ್ಯಾಸ್ ವೆಲ್ಡಿಂಗ್ ಬೇಡ, ಬಿಸಿಗೆ ತಗಡು ಅಲೆ ಅಲೆ ಆಗುತ್ತದೆ. ಮಿಗ್‌ನಲ್ಲಿ (ತಂತಿ ಬಳಸುವ ಕರೆಂಟ್ ವೆಲ್ಡಿಂಗ್) ಒಂದೊಂದೇ ಚುಕ್ಕಿ ಇಟ್ಟು, ಆರಲು ಬಿಟ್ಟು ಮಾಡುವವರನ್ನು ಹುಡುಕಿ. ಕೆಲಸ ಮುಗಿದ ಮೇಲೆ ಒಳಗೆ ವ್ಯಾಕ್ಸ್ ಹೊಡೆಸಿ. ನೀರು ಇಳಿಯುವ ತೂತು ಮಾತ್ರ ಮುಚ್ಚಬಾರದು.

ಸದ್ದಿಗೆ ಇನ್ನೊಂದು ಕಾರಣ ಇದೆ. ಮೇಲಿನ ತಗಡಿಗೂ ಫ್ರೇಮಿಗೂ ನಡುವೆ ಮೆತ್ತನೆ ಸೀಲರ್ ಚುಕ್ಕಿಗಳಿರುತ್ತವೆ. ಅವು ಒಣಗಿ ಬಿಟ್ಟುಕೊಂಡರೆ ಗಾಳಿಗೆ ಬಾನೆಟ್ ತಮಟೆ ಥರ ಬಡಿದುಕೊಳ್ಳುತ್ತದೆ. ಪಿಯು (ಪಾಲಿಯುರೆಥೇನ್) ಸೀಲರ್ ತುಂಬಿಸಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದರಿಂದ ಹೊರಡುವ ಆಸಿಡ್‌ಗೇ ತಗಡು ತುಕ್ಕು ಹಿಡಿಯುತ್ತದೆ.

ಕೇಳಿದವರು, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಅಳೆದು ನೋಡಿದೆ, ಕರ್ಣದ ಅಳತೆ ಹೆಚ್ಚುಕಡಿಮೆ ಒಂದೇ ಇದೆ. ಹಿಂಜ್‌ನಲ್ಲೂ ಆಟ ಇಲ್ಲ. ಬಲಗಡೆ ರಬ್ಬರ್ ಇಲ್ಲವೇ ಇಲ್ಲ! ಇನ್ನೊಂದು ಕೇಳೋದಿತ್ತು. ಒಳಗಿನ ಲಿವರ್ ಎಳೆದರೆ ಕೆಲವು ಸಲ ಬಾನೆಟ್ ಬಿಡುವುದಿಲ್ಲ. ಇದೂ ಲಾಕಿನ ತೊಂದರೆಯಾ?

ಶಿವಮೊಗ್ಗ

ಅದು ಬಹುಶಃ ಕೇಬಲ್, ಇಲ್ಲವೇ ಲಾಕ್‌ನಲ್ಲಿ ಹಳೇ ಗ್ರೀಸ್ ಧೂಳು ಸೇರಿ ಗಟ್ಟಿಯಾಗಿರುವುದು. ಸದ್ಯಕ್ಕೆ ಒಬ್ಬರು ಲಿವರ್ ಎಳೆದು ಹಿಡಿಯಲಿ, ಇನ್ನೊಬ್ಬರು ಲಾಕಿನ ನೇರಕ್ಕೆ ಬಾನೆಟನ್ನು ಕೆಳಗೆ ಒತ್ತಿ ಬಿಡಲಿ. ಭಾರ ಇಳಿದರೆ ಬಿಟ್ಟುಕೊಳ್ಳುತ್ತದೆ. ತೆಗೆದ ಮೇಲೆ ಲಾಕನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಒಣಗಿಸಿ, ಸ್ವಲ್ಪ ಗ್ರೀಸ್ ಹಚ್ಚಿ. ಆಮೇಲೂ ಲಿವರ್ ಬಿಗಿ ಇದ್ದರೆ ಕೇಬಲ್ ಹೊಸದು ಹಾಕಿಸಿ, ಎಳೆ ಕಿತ್ತುಹೋಗುವ ತನಕ ಕಾಯಬೇಡಿ.

ಲಾಕ್ ಕೂರಿಸಿದ ಮೇಲೆ ಸೇಫ್ಟಿ ಕ್ಯಾಚ್ ಪರೀಕ್ಷೆ ಮಾಡದೆ ಗಾಡಿ ರಸ್ತೆಗೆ ತೆಗೆಯಬೇಡಿ. ಲಿವರ್ ಎಳೆದ ಮೇಲೂ ಬಾನೆಟ್ ಒಂದಿಷ್ಟು ಎದ್ದು ಕೊಕ್ಕೆಗೆ ಸಿಕ್ಕಿ ನಿಲ್ಲಬೇಕು. ಕೈ ಹಾಕಿ ಕೊಕ್ಕೆ ಬಿಡಿಸದೆ ಪೂರ್ತಿ ಏಳಬಾರದು. ಅದರ ಸ್ಪ್ರಿಂಗ್ ಸೋತಿದ್ದರೆ ಹೈವೇಯಲ್ಲಿ ಬಾನೆಟ್ ಎದ್ದು ಗ್ಲಾಸಿಗೆ ಬಡಿಯುತ್ತದೆ. ಒಂದು ವೇಳೆ ಹಾಗಾದರೆ ಗಕ್ಕನೆ ಬ್ರೇಕ್ ಒತ್ತಬೇಡಿ. ಡ್ಯಾಶ್‌ಬೋರ್ಡ್ ಹತ್ತಿರದ ಕೆಳಗಿನ ಸಂದಿಯಲ್ಲಿ ಬಗ್ಗಿ ನೋಡುತ್ತಾ, ಸ್ಪೀಡ್ ಇಳಿಸಿ ಎಡಕ್ಕೆ ತನ್ನಿ.

ಒಂದು ವಾರ ಓಡಿಸಿದ ಮೇಲೆ ಹಿಂಜ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಟೈಟ್ ಮಾಡಿ. ರಬ್ಬರ್ ತರುವಾಗ ಎರಡೂ ಕಡೆಯದನ್ನು ತನ್ನಿ. ಒಂದು ಹೊಸದು ಒಂದು ಹಳೇದು ಹಾಕಿದರೆ ಮತ್ತೆ ಓರೆ ಕೂರುತ್ತದೆ.